ನಾಯಿಯ ಕಡೆಯವರು ಮನೆತನ ನೋಡಲು ಬಂದದ್ದು

ಮನುಷ್ಯನಿಗೂ ನಾಯಿಗೂ ಇರುವ ನಂಟು ಅನಾದಿ ಕಾಲದ್ದು, ಪವಿತ್ರವಾದದ್ದು, ಅದರಲ್ಲಿ ಸ್ವಾರ್ಥದ ಸೋಂಕೇ ಇಲ್ಲ ಎಂದು ಬಲ್ಲವರು ಬರೆದಿದ್ದಾರೆ. ಹಾಗೆ ಬರೆದವರ ಗೋಡೆಗೆ ಗೋಡೆ ಹಚ್ಚಿ ನಮ್ಮ ಕಾಕಾನ ಮನೆ ಇರಲಿಲ್ಲ, ಅಷ್ಟೇ. ನನ್ನ ಮನೆಗಿದೆ. ಗೋಕಾಕದಲ್ಲಿ ನಮ್ಮಿಬ್ಬರಿಗೂ ಗೋಡೆ ಒಂದು, ಅಂಗಳ ಒಂದು, ಗೇಟೂ ಒಂದೇ.

ನಮ್ಮ ಕಾಕಾನಷ್ಟು ಭಾರದ ಮನುಷ್ಯ ಮೂರು ತಾಲೂಕಿನಲ್ಲಿ ಇನ್ನೊಬ್ಬನಿಲ್ಲ. ಆತ ಕಡ್ಡಿಯಂತಿದ್ದಾನೆ, ಆ ಮಾತು ಬೇರೆ! ಹುಕ್ಕೇರಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಬ್ಬಿನ ಲಾರಿ ತೂಗುವ ಕಾಟಾದ ಮುಂದೆ ಕೂತು ರಿಟಾಯರ್ ಆದವನು. ಕಾರ್ಖಾನೆ ಬಿಟ್ಟರೂ ತೂಕ ಬಿಡಲಿಲ್ಲ. ಎದುರಿಗೆ ಬಂದ ಯಾರನ್ನೇ ಆಗಲಿ ಮೇಲಿಂದ ಕೆಳಗೆ ನೋಡಿ ಕಿಲೋ ಹೇಳಿಬಿಡುತ್ತಾನೆ. ಮೂಡಲಗಿಯ ಒಂದು ಮದುವೆಯಲ್ಲಿ ಅಕ್ಷತೆ ಹಾಕಿದವನೇ ಗಟ್ಟಿಯಾಗಿ, "ಇಬ್ಬರೂ ಕೂಡಿ ನೂರಾ ಮೂವತ್ತಾರು. ಛಲೋ ಜೋಡಿ!" ಅಂದ. ಹುಡುಗಿಯ ತಾಯಿ ಕುತೂಹಲಕ್ಕೆ, "ಯಾರದು ಎಷ್ಟ್ರಿ ಕಾಕಾರ?" ಎಂದು ಕೇಳಿದಳು. ಕೇಳಬಾರದಿತ್ತು. "ಹುಡುಗಿ ಎಪ್ಪತ್ತೊಂಬತ್ತು" ಅಂದ. ನಾವು ಊಟ ಮಾಡದೇ ಗೋಕಾಕಕ್ಕೆ ಬಂದೆವು.

ಇಂಥವನು ಕಣ್ಣು ತೋರಿಸಲು ಬೆಳಗಾವಿಗೆ ಹೋದವನು, ಯಾರೋ ಹೇಳಿದರೆಂದು ಅನಾಥ ನಾಯಿಗಳ ಆಶ್ರಯಕ್ಕೂ ಹೋಗಿ ಬಂದ. ಅಲ್ಲೊಂದು ಗ್ರೇಟ್ ಡೇನ್ ಜಾತಿಯ ನಾಯಿ. ಮರಿಯಿದ್ದಾಗ ಚೆಂದವೆಂದು ಯಾರೋ ಕೊಂಡು, ಕರುವಿನಷ್ಟು ಬೆಳೆದ ಮೇಲೆ ಹೈವೇ ಬಾಜೂ ಕಟ್ಟಿ ಹೋಗಿದ್ದರಂತೆ. ಕಾಕಾ ನನ್ನೆದುರಿಗೆ ಕೂತು ಕಳವಿನ ಫಿರ್ಯಾದಿ ಕೊಡುವವನ ಹಾಗೆ ಹೇಳಿದ:

"ಅರವತ್ತು ಕಿಲೋ ಇರಬೇಕಾದ ಪ್ರಾಣಿ, ನಲವತ್ತೊಂದು ಐತಿ. ಉಳಿದ ಹತ್ತೊಂಬತ್ತು ಕಿಲೋ ನಾಯಿ ಎಲ್ಲಿ ಹೋತು?"

"ನನಗ್ಯಾಕ ಕೇಳ್ತಿ ಕಾಕಾ? ನಾ ತಿಂದಿಲ್ಲ."

"ಅದನ್ನ ಮನಿಗೆ ತರಾಂವ ಅದೀನಿ."

"ಎಲ್ಲಿ ಮಲಗಸ್ತಿ ಅದನ್ನ?"

"ನನ್ನ ಮಂಚದ ಮ್ಯಾಲೆ."

"ಮತ್ತ ನೀ?"

"ಜಾಗಾ ಉಳದ್ರ ನಾನೂ ಅಲ್ಲೇ."

ಆದರೆ ಆಶ್ರಯದವರು ಕೇಳಿದವರಿಗೆಲ್ಲ ನಾಯಿ ಕೊಡುವುದಿಲ್ಲ. ಒಂದು ಉದ್ದನೆಯ ಅರ್ಜಿ ತುಂಬಬೇಕು, ಆಮೇಲೆ ಅವರು ಬಂದು ಮನೆ ನೋಡಬೇಕು. ಕಾಕಾ ಎರಡು ದಿನ ಕೂತು ಅರ್ಜಿ ಬರೆದ. ನಾನು ಇಣುಕಿದರೆ ಕೈ ಅಡ್ಡ ಹಿಡಿದ. ಫೋನ್ ನಂಬರ್ ಮಾತ್ರ ನನ್ನದು ಕೊಟ್ಟ. ಅವನಿಗೆ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ.

ಮನೆ ನೋಡಲು ಬರುತ್ತಾರೆ ಅಂದರೆ ನಮ್ಮ ಕಡೆ ಅರ್ಥ ಒಂದೇ. ಕಾಕಾ ಜಮಖಾನೆ ಹಾಸಿದ, ಇಸ್ತ್ರಿ ಧೋತರ ಉಟ್ಟ, ನನ್ನ ಹೆಂಡತಿಯ ಕೈಲಿ ಶಿರಾ, ಉಪ್ಪಿಟ್ಟು ಮಾಡಿಸಿದ. "ನನ್ನ ನೋಡಾಕ ಬಂದಾಗ ಬರೇ ಅವಲಕ್ಕಿ ಮಾಡಿದ್ದಳು ನಮ್ಮವ್ವ!" ಎಂದು ಆಕೆ ಗೊಣಗಿದಳು. ಬೆಳಗಾವಿಯ ಆಶ್ರಯದಿಂದ ಬಂದ ಹೆಣ್ಣುಮಗಳು ಪಾಪ, ಕಂಪೌಂಡ್ ಎಷ್ಟು ಎತ್ತರ ಎಂದು ಕೇಳಿದರೆ ಈತ, "ನಮ್ಮ ಮೂಲ ಊರು ಅಂಕಲಗಿ ರೀ. ಮನಿತನದಾಗ ಯಾರೂ ಸೆರೆ ಮುಟ್ಟಿಲ್ರಿ" ಅಂದ. ಆಕೆ ಅದನ್ನೂ ಬರೆದುಕೊಂಡಳು.

ಈಗ ನನ್ನ ಪಾತ್ರ ಬರುತ್ತದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ನಮ್ಮಲ್ಲಿ ಮನೆತನದ ಖರೇ ವಿಚಾರಣೆ ಜಮಖಾನೆಯ ಮೇಲೆ ನಡೆಯುವುದಿಲ್ಲ, ಗೇಟಿನ ಹತ್ತಿರ ನಡೆಯುತ್ತದೆ. ಶಿರಾ ತಿಂದು ಹೊರಬಿದ್ದವರು ಬಾಜೂ ಮನೆಯವನನ್ನು ಸಣ್ಣ ದನಿಯಲ್ಲಿ ಕೇಳುತ್ತಾರೆ. ಸಂಬಂಧ ಮುರಿಯಬೇಕೆಂದಿರುವ ಬಾಜೂ ಮನೆಯವನು ಕೆಟ್ಟದ್ದೇನೂ ಆಡುವುದಿಲ್ಲ, "ಮಂದಿ ಭಾಳ ಛಲೋರಿ, ಆದರ..." ಎಂದು ಆಕಾಶ ನೋಡುತ್ತಾನೆ. ಕೇಳಿದವರು ತಿಳಿದುಕೊಂಡು ಹೋಗುತ್ತಾರೆ. ಯಾರೂ ಸುಳ್ಳು ಹೇಳಿದ ಹಾಗಾಗುವುದಿಲ್ಲ. ಎಂಥ ನಾಜೂಕಿನ ಪದ್ಧತಿ!

ಆ ಹೆಣ್ಣುಮಗಳೂ ಗೇಟಿನಲ್ಲಿ ನಿಂತು ಕೇಳಿದಳು: "ಸರ, ಕಾಕಾರು ನಾಯೀನ್ನ ಛಲೋ ನೋಡ್ಕೋತಾರಲ್ಲರಿ?"

"ಮನುಷ್ಯಾ ಬಂಗಾರರಿ," ಅಂದೆ. "ಆದರ..."

ಆಕಾಶ ನೋಡಿದೆ. ಆಕೆಗೆ ಪದ್ಧತಿ ಗೊತ್ತಿರಲಿಲ್ಲ! ಪೆನ್ನು ಹಿಡಿದು, "ಆದರ ಏನ್ರಿ?" ಅಂದಳು.

ಈಗ ಏನಾದರೂ ಹೇಳಬೇಕಲ್ಲ? ಆಕಾಶದಲ್ಲಿ ಏನೂ ಬರೆದಿರಲಿಲ್ಲ.

"ಸಿಟ್ಟು ಜಾಸ್ತಿರಿ," ಅಂದೆ. "ಕೈ ಯಾವಾಗ ಏಳತೈತಿ ಹೇಳಾಕ ಬರೂದಿಲ್ಲ."

ಕಬ್ಬಿನ ಲಾರಿಗೆ 'ಬಾ, ಮುಂದ ಬಾ' ಎಂದು ಸನ್ನೆ ಮಾಡಿದ್ದು ಬಿಟ್ಟರೆ ಆ ಕೈ ಆಯುಷ್ಯದಲ್ಲಿ ಯಾರ ಮೇಲೂ ಎದ್ದದ್ದಿಲ್ಲ. ಆಕೆ ಬರೆದುಕೊಂಡಳು.

ಕಾಕಾ ನಾಯಿಗೆಂದು ದೊಡ್ಡ ಸ್ಟೀಲಿನ ಬೋಗಾಣಿ ತಂದು ಅಂಗಳದಲ್ಲಿಟ್ಟ. ದಿನಾ ಮುಂಜಾನೆ ಅದನ್ನು ತೊಳೆದು ನೀರು ತುಂಬಿ, "ಫೋನ್ ಬಂತೇನೋ?" ಎನ್ನುತ್ತಿದ್ದ.

"ಇಲ್ಲ ಕಾಕಾ, ಅವರಿಗೂ ಕೆಲಸ ಇರ್ತಾವ."

"ಖರೆ, ಅಷ್ಟು ನಾಯಿ ಅದಾವ."

ಒಂಬತ್ತನೆಯ ದಿನ ಆ ಹೆಣ್ಣುಮಗಳ ಫೋನ್ ಬಂತು. ನಾಯಿಯನ್ನು ಸಂಕೇಶ್ವರದ ಒಂದು ಮನೆಯವರು ಆವತ್ತು ಮುಂಜಾನೆ ಕರೆದುಕೊಂಡು ಹೋದರಂತೆ. "ಅರ್ಜಿಯೊಳಗ ನಿಮ್ಮ ಬಗ್ಗೆ ಬರದಾರ್ರಿ ಸರ, ಅದಕ್ಕ ನಿಮಗ ತಿಳಿಸಬೇಕು ಅನಿಸ್ತು" ಅಂದಳು.

"ನನ್ನ ಬಗ್ಗೆ?"

'ನಿಮ್ಮ ನಂತರ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ?' ಎಂಬ ಪ್ರಶ್ನೆಯ ಕೆಳಗೆ ಕಾಕಾ ಬರೆದದ್ದನ್ನು ಆಕೆ ಓದಿದಳು: "ನಮ್ಮ ಅಣ್ಣನ ಮಗ. ಅವನಿಗೆ ನಾಯಿ ಅಂದರೆ ಅಂಜಿಕೆ, ಹೇಳಿಕೊಳ್ಳಲು ನಾಚಿಕೆ. ನಾನು ಇರುವತನಕ ಅವನ ಹತ್ತಿರ ಬಿಡುವುದಿಲ್ಲ. ನಾನು ಹೋದ ಮೇಲೆ ಅವನೇ ನೋಡಿಕೊಳ್ಳುತ್ತಾನೆ. ಹಸಿದದ್ದನ್ನು ಕಂಡು ಸುಮ್ಮನಿರುವ ಹುಡುಗ ಅಲ್ಲ."

ಹುಡುಗನಿಗೆ ಐವತ್ತನಾಲ್ಕು ವರ್ಷ.

"ನಾ ಆವತ್ತು ಗೇಟಿನ ಹತ್ರ ಹೇಳಿದ್ದು ಸುಳ್ಳರಿ," ಅಂದೆ. "ಮೊದಲ ಹೇಳಬೇಕಿತ್ತಲ್ರಿ ಸರ" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಕಾಕಾ ಅಂಗಳದಲ್ಲೇ ಇದ್ದ. ಎಲ್ಲಾ ಹೇಳಿದೆ, ಗೇಟಿನದನ್ನೂ ಹೇಳಿದೆ. ನನ್ನ ಮುಖ ನೋಡಲಿಲ್ಲ, ಸಿಟ್ಟಿಗೂ ಏಳಲಿಲ್ಲ.

"ಸಂಕೇಶ್ವರದವರು ಹೊಟ್ಟಿತುಂಬ ಹಾಕ್ತಾರಂತೇನು?"

"ಕೇಳಲಿಲ್ಲ ಕಾಕಾ."

"ಅಷ್ಟು ಕೇಳಬೇಕಪಾ ತಮ್ಮಾ," ಅಂದ. ಬೋಗಾಣಿಯ ನೀರನ್ನು ಕರಿಬೇವಿನ ಗಿಡಕ್ಕೆ ಸುರಿದು ಒಳಗೆ ಹೋದ.

ಆಮೇಲೆ ಫೋನ್ ಮಾಡಿ ಕೇಳಿದೆ, ಹಾಕುತ್ತಾರಂತೆ. ಕಾಕಾ ಮತ್ತೊಂದು ಅರ್ಜಿ ಬರೆಯಲಿಲ್ಲ.