ಅತ್ತೆಯ ಕತ್ತರಿಗೆ ಸಿಕ್ಕಿದ ಅಕ್ಷರಗಳು

ಒಂದು ಕಾಲಕ್ಕೆ ಶಿಡ್ಲಘಟ್ಟದ ಪೇಟೆಬೀದಿಯ ಅರ್ಧ ಬೋರ್ಡುಗಳನ್ನು ಮಾಡಿದವರು ನನ್ನ ಸೋದರತ್ತೆ. ಅವರಿಗೆ ಓದಲು ಬರುತ್ತಿರಲಿಲ್ಲ. ಇದನ್ನು ಹೇಳಿದರೆ ಜನ ಅಯ್ಯೋ ಎನ್ನುತ್ತಾರೆ. ಅಯ್ಯೋ ಏಕೆ? ಓದು ಬಲ್ಲವರು ಮಾಡಿದ ಬೋರ್ಡನ್ನು ಯಾರಾದರೂ ಎರಡು ಸಲ ನಿಂತು ನೋಡಿದ್ದುಂಟೆ?

ಐವತ್ತರ ದಶಕದ ಕೊನೆಯ ಮಾತು. ಮಾವನಿಗೆ ಅಲ್ಲಿ ಫೋಟೋ ಸ್ಟುಡಿಯೋ ಇತ್ತು. ನಾನು ಹೈಸ್ಕೂಲು ಓದಲು ಅವರ ಮನೆಯಲ್ಲಿದ್ದೆ. ಮಾವ ಎಸೆದದ್ದೆಲ್ಲ ನೆಲಕ್ಕೆ ಬೀಳುವ ಮೊದಲೇ ಅತ್ತೆಯ ಸೆರಗಿಗೆ ಬೀಳುತ್ತಿತ್ತು. ಹಳೆಯ ಗಾಜಿನ ನೆಗೆಟಿವ್‌ಗಳನ್ನು ಬಿಸಿನೀರು, ಸೋಡಾಪುಡಿ ಹಾಕಿ ಉಜ್ಜಿದರೆ ಮುಖಗಳೆಲ್ಲ ಬಚ್ಚಲಿಗೆ ಹರಿದು ತಿಳಿಗಾಜು ಉಳಿಯುತ್ತಿತ್ತು. ಕೆಟ್ಟುಹೋದ ಫೋಟೋಗಳಿಂದ ಅಕ್ಷರ ಕತ್ತರಿಸಿ, ಮೈದಾ ಅಂಟಿನಿಂದ ಹಲಗೆಗೆ ಮೆತ್ತಿ, ಒಂದೊಂದರ ಮೇಲೂ ಒಂದೊಂದು ಗಾಜು ಕೂರಿಸಿದರೆ ಬೋರ್ಡು ಸಿದ್ಧ. ಕಪ್ಪು ಅಕ್ಷರಗಳೆಲ್ಲ ಬರುತ್ತಿದ್ದದ್ದು ಸ್ಟುಡಿಯೋದ ಏಕೈಕ ಕರೀಕೋಟಿನಿಂದ. ತಾಲ್ಲೂಕಿನ ಗಂಡಸರೆಲ್ಲ ಫೋಟೋಗೆ ಅದನ್ನೇ ತೊಟ್ಟು ಕೂರುತ್ತಿದ್ದರು. ಫೋಟೋ ತೆಗೆಯುವಾಗ ಕಣ್ಣು ಮುಚ್ಚಿ ಕೆಡಿಸಿದವರ ಕೋಟು ಅತ್ತೆಗೆ!

ಒಬ್ಬರು ಹಿಟ್ಟಿನ ಗಿರಣಿ ತೆರೆದರು. ಬೇಕಾದ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟು ಹೋದರು. ವಾರದ ಮೇಲೆ ಬಂದು ನೋಡಿದರೆ ಬೋರ್ಡಿನಲ್ಲಿ 'ಹಿಟ್ಟಿನ ಗಿಠಣಿ'!

"ಏನಮ್ಮಾ ಇದು, ಗಿಠಣಿ?"

"ನೀವು ಬರ್ಕೊಟ್ಟಿದ್ದ ಆ ಅಕ್ಷರಕ್ಕೆ ಬೋಳು ಹಣೆ ಇತ್ತಪ್ಪ. ಹೊಸ ಅಂಗಡಿ ಮುಂದೆ ಹಂಗೇ ನಿಲ್ಲಿಸ್ತಾರಾ? ಅದರ ಥರದ್ದೇ ಇನ್ನೊಂದಕ್ಕೆ ಬೊಟ್ಟಿತ್ತು. ಅದನ್ನ ಇಟ್ಟೆ."

"ಓದೋರು ಏನಂತಾರೆ?"

"ರಾಗಿ ಬೀಸಕ್ಕೆ ಬರೋರು ಓದ್ಕೊಂಡು ಬರ್ತಾರಾ?"

ಆತ ಬೋರ್ಡನ್ನು ಹೊತ್ತುಕೊಂಡು ಹೋದರು. ಊರೇ ಗಿಠಣಿ ಎನ್ನತೊಡಗಿತು. ನಾನು ಕನ್ನಡ ಪರೀಕ್ಷೆಯಲ್ಲೂ ಹಾಗೇ ಬರೆದು ಅರ್ಧ ಅಂಕ ಕಳೆದುಕೊಂಡೆ.

ಇನ್ನೊಮ್ಮೆ ಮಂಡಿಕಲ್ ಕಡೆಯ ಪಟೇಲರೊಬ್ಬರು ಕೆಂಡವಾಗಿ ಬಂದರು. ಮಾವ ತಕ್ಷಣ ಫೋಟೋ ತೊಳೆಯುವ ಕತ್ತಲೆ ಕೋಣೆಗೆ ಹೊಕ್ಕು ಅಗಳಿ ಹಾಕಿಕೊಂಡರು.

"ಅಮ್ಮಾ, ಆ ಕ್ಷೌರದಂಗಡಿ ಬೋರ್ಡಲ್ಲಿರೋದು ನನ್ನ ಮುಖ! ನನ್ನ ಮೂಗು! ಅದರ ಕೆಳಗೆ ನನ್ನದೇ ಮೀಸೆ!"

"ಹೌದಾ? ಅದಕ್ಕೇ ಆ ಅಕ್ಷರ ಅಷ್ಟು ಗಟ್ಟಿಯಾಗಿ ನಿಂತೈತೆ," ಎಂದರು ಅತ್ತೆ.

ಪಟೇಲರ ಕೋಪ ಒಂದು ಮೆಟ್ಟಿಲು ಇಳಿಯಿತು. "ಅದಿರ್ಲಿ. ಅರ್ಧ ಮೀಸೆ ಮಾತ್ರ ಐತಲ್ಲ, ನೋಡಿದೋರು ಏನಂದ್ಕೋತಾರೆ? ಇನ್ನರ್ಧ ಎಲ್ಲಿ?"

"ಚಿಂತಾಮಣಿ ಬಟ್ಟೆ ಅಂಗಡೀಲಿ."

"ಚಿಂತಾಮಣೀಲೂ ಐತಾ!" ಎಂದ ಪಟೇಲರು ಮುಂದಿನ ಬಸ್ಸಿಗೇ ಚಿಂತಾಮಣಿಗೆ ಹೊರಟರು.

ಇದಾದ ಕೆಲವು ತಿಂಗಳಿಗೆ ಪೆರೇಸಂದ್ರದ ಕಡೆಯಿಂದ ಗಂಡ ಹೆಂಡತಿ ಬಂದರು. ಹಿಂದಿನ ವರ್ಷ ಮೂರು ವರ್ಷದ ಮಗಳ ಫೋಟೋ ತೆಗೆಸಿದ್ದರು. ಮಗು ಒಂದು ಕಡೆ ನಿಲ್ಲದೆ ಫೋಟೋ ಕೆಟ್ಟಿತ್ತು. ಸುಗ್ಗಿಯಾದ ಮೇಲೆ ಮತ್ತೆ ಕರೆತನ್ನಿ ಎಂದಿದ್ದರು ಮಾವ. ಈಗ ಅವರಿಬ್ಬರೇ ಬಂದಿದ್ದರು.

"ಜ್ವರ ಬಂದು ಹೊರಟೋದ್ಲು ಸ್ವಾಮಿ," ಎಂದರು ಗಂಡ. ಹೆಂಡತಿ, "ಕೆಟ್ಟೋಗಿದ್ರೂ ಚಿಂತೆಯಿಲ್ಲ, ಅದನ್ನೇ ಕೊಡಿ," ಎಂದರು.

ಕೆಟ್ಟ ಫೋಟೋಗಳ ಗತಿ ಮಾವನಿಗೆ ಗೊತ್ತು, ನನಗೂ ಗೊತ್ತು. ಮಾವ ತಲೆ ಎತ್ತಲಿಲ್ಲ. ಯಾವ ಅಂಗಡಿಯ ಮೇಲೆ, ಯಾವ ಅಕ್ಷರವಾಗಿ ಆ ಮಗು ನೇತಾಡುತ್ತಿದೆಯೋ ಎಂದು ನಾನು ಪೇಟೆಬೀದಿಯ ಬೋರ್ಡುಗಳನ್ನು ಒಂದೊಂದಾಗಿ ನೆನೆಸಿಕೊಂಡೆ.

ಅತ್ತೆ ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಅದರ ತುಂಬ ಮಕ್ಕಳು. ಅತ್ತವರು, ಎದ್ದು ಓಡಿದವರು, ತಲೆ ತಿರುಗಿಸಿ ಹೊಗೆಯಂತಾದವರು. ಒಂದಕ್ಕೂ ಕತ್ತರಿ ತಾಗಿರಲಿಲ್ಲ.

"ಯಾವಾಗ ಎತ್ತಿಟ್ಟೆ ಇವನ್ನೆಲ್ಲ?" ಎಂದರು ಮಾವ.

"ಮಕ್ಕಳ ಮೇಲೆ ಕತ್ತರಿ ಹಾಕಕ್ಕೆ ಕೈ ಬರ್ಲಿಲ್ಲ ಕಣ್ರೀ."

ಆ ತಾಯಿಗೆ ಹುಡುಕಬೇಕಾಗಲಿಲ್ಲ. ನಾಲ್ಕನೆಯದನ್ನೇ ಎತ್ತಿಕೊಂಡರು. ನನಗೆ ಅದರಲ್ಲಿ ಕಂಡದ್ದು ಲಂಗದ ಅಂಚು, ಕಾಲ್ಗೆಜ್ಜೆ ತೊಟ್ಟ ಒಂದು ಪಾದ, ಅಷ್ಟೆ. ಮುಖವಿರಬೇಕಾದ ಕಡೆ ಬರೀ ಬಿಳುಪು. ಅತ್ತೆ ಒಂದು ಗಾಜು ತೊಳೆದು, ಸೆರಗಿನಿಂದ ಒರೆಸಿ, ಅದರ ಮೇಲಿಟ್ಟು ಸುತ್ತಲೂ ಕಪ್ಪು ಕಾಗದದ ಅಂಚು ಅಂಟಿಸತೊಡಗಿದರು.

"ಮುಖ ಸರಿಯಾಗಿ ಬಂದಿಲ್ಲ ತಾಯಿ," ಎಂದರು ಮಾವ, ತಪ್ಪೊಪ್ಪಿಕೊಳ್ಳುವಂತೆ.

"ಅವಳು ಯಾವತ್ತು ಒಂದು ಕಡೆ ನಿಂತಿದ್ಲು ಸ್ವಾಮಿ?" ಎಂದರು ಆಕೆ. "ಇದು ಅವಳೇ."