ಕೆನ್ನೆಯೊಳಗೆ ಅಡಗಿದ ಗೊಂಬೆ

ಮೂರೇ ತಿಂಗಳು! ಮೂರು ತಿಂಗಳಲ್ಲಿ ಒಂದು ಮಹಾ ಕಾದಂಬರಿ ಬರೆದು ಮುಗಿಸುತ್ತೇನೆಂದು ಶಪಥ ಮಾಡಿ, ರಾಜಧಾನಿಯ ಮನೆ ಖಾಲಿ ಮಾಡಿ, ಹೆಂಡತಿಯೊಡನೆ ಸಾನ್ ಮಿಗೆಲ್‌ಗೆ ಬಂದು ಬಿಡಾರ ಹೂಡಿದೆ. ಮೂವತ್ತೊಂದು ವರ್ಷ ಪತ್ರಿಕೆಯೊಂದರಲ್ಲಿ ಕರಡು ತಿದ್ದಿದವನು ನಾನು. ಬೇರೆಯವರ ಬರಹದಲ್ಲಿ ಅಲ್ಪವಿರಾಮ ಹೆಕ್ಕಿದ್ದು ಸಾಕು, ಇನ್ನು ಈ ಎವರಿಸ್ತೋ ಬರೆಯುತ್ತಾನೆ, ಲೋಕ ಓದುತ್ತದೆ! ಈ ಊರಲ್ಲಿ ಕಲ್ಲೆಸೆದರೆ ಅದು ಯಾರಾದರೂ ಕಾದಂಬರಿಕಾರನ ಮೇಲೇ ಬೀಳುತ್ತದೆ. ಅವನು ಆ ಕಲ್ಲಿನ ಮೇಲೂ ಒಂದು ಅಧ್ಯಾಯ ಬರೆಯುತ್ತಾನೆ.

ಬಂದ ದಿನವೇ ರಾಜಾಜ್ಞೆ ಹೊರಡಿಸಿದೆ. "ದೊಮಿತಿಲಾ, ಕಾದಂಬರಿ ಮುಗಿಯೋವರೆಗೂ ಈ ಮನೆ ಹೊಸ್ತಿಲನ್ನ ಒಂದು ನರಪಿಳ್ಳೆಯೂ ದಾಟಕೂಡದು!"

ಐದು ತಿಂಗಳಾಯಿತು. ಕಾದಂಬರಿ ಒಂದು ಪುಟವಾಗಿತ್ತು. ಅದರಲ್ಲಿ ಅರ್ಧ ಅರ್ಪಣೆ.

"ರೀ," ಎಂದಳು ದೊಮಿತಿಲಾ ಒಂದು ಬೆಳಿಗ್ಗೆ ಬಟ್ಟೆ ಮಡಚುತ್ತಾ, "ಈ ಬೀದೀಲಿ ನನ್ನ ಹೆಸರು ಒಬ್ಬರಿಗೂ ಗೊತ್ತಿಲ್ಲ. ಎಲ್ಲಾ 'ಸಾಹಿತಿಗಳ ಹೆಂಡ್ತಿ' ಅಂತಾರೆ. ಫೆಬ್ರವರಿ ಕಳೀಲಿ. ಆಮೇಲೂ ಹೀಗೇ ಇದ್ರೆ ನಾನು ಪುಯೆಬ್ಲಾಕ್ಕೆ, ತಂಗಿ ಮನೆಗೆ ಹೋಗಿಬಿಡ್ತೀನಿ."

ಅವಳು ಕೂಗಾಡಿದರೆ ನನಗೆ ಭಯವಿಲ್ಲ. ಅಂದು ಮೆಲ್ಲಗೆ ಹೇಳಿದಳು. ಹಾಗಾಗಿ ಜನವರಿ ಆರಕ್ಕೆ, ಬಾಲಯೇಸುವಿಗೆ ಕಾಣಿಕೆ ತಂದ ಮೂವರು ರಾಜರ ಹಬ್ಬದ ದಿನ, ಎದುರುಮನೆಯ ದೋನ್ಯಾ ಕೂಕಾ ರೋಸ್ಕಾ ತಿನ್ನಲು ಕರೆದಾಗ, "ಒಂದೇ ಗಂಟೆ!" ಎಂದು ಬೆರಳೆತ್ತಿ ಎಚ್ಚರಿಸಿ ದೊಮಿತಿಲಾಳೊಡನೆ ಹೊರಟೆ.

ರೋಸ್ಕಾ ಎಂದರೆ ಬಳೆಯಾಕಾರದ ಸಿಹಿ ಬ್ರೆಡ್ಡು. ಅದರೊಳಗೆಲ್ಲೋ ಬಾಲಯೇಸುವಿನ ಒಂದು ಪುಟ್ಟ ಗೊಂಬೆ. ಯಾರ ತುಂಡಿನಲ್ಲಿ ಅದು ಬರುತ್ತದೋ ಅವರು ಫೆಬ್ರವರಿ ಎರಡಕ್ಕೆ ಅಲ್ಲಿದ್ದವರನ್ನೆಲ್ಲ ಮನೆಗೆ ಕರೆದು ತಮಾಲೆ, ಅಂದರೆ ಮುಸುಕಿನಜೋಳದ ಕಡುಬು, ತಿನ್ನಿಸಬೇಕು. ಇದಕ್ಕೆ ಮೇಲ್ಮನವಿ ಇಲ್ಲ.

ನಾನು ಔಷಧಿ ಅಂಗಡಿಯ ದೋನ್ ನಾಬೋರ್‌ಗೆ ನನ್ನ ಕಾದಂಬರಿಯ ಆಳ ಅಗಲ ವಿವರಿಸಿ, ತಟ್ಟೆಯತ್ತ ತಿರುಗಿ, ದೊಡ್ಡದೊಂದು ತುತ್ತು ಬಾಯಿಗಿಟ್ಟೆ. ಕಟಕ್!

ಕೋಣೆಯಲ್ಲಿ ಮೂವತ್ತೆಂಟು ಜನ. ಅಷ್ಟೂ ಜನ ನನ್ನ ಅಂಗಳದಲ್ಲಿ! ಗಿಟಾರು, ಹಾಡು, ಹರಟೆ! ನಾನು ಗೊಂಬೆಯನ್ನು ನಾಲಿಗೆಯಿಂದ ಎಡಗೆನ್ನೆಗೆ ತಳ್ಳಿ ಬಾಯಿಗೆ ಬೀಗ ಹಾಕಿದೆ.

"ರೋಸ್ಕಾ ಮುಗೀತು, ಗೊಂಬೆ ಎಲ್ಲಿ?" ಎಂದಳು ದೋನ್ಯಾ ಕೂಕಾ, ನನ್ನತ್ತ ತಿರುಗಿ. "ಮೇಷ್ಟ್ರೇ, ನಿಮ್ಮ ಹತ್ರ ಏನಾದ್ರೂ...?"

ನಾನು ಕಣ್ಣು ಮುಚ್ಚಿ, ಇಲ್ಲವೆಂಬಂತೆ ನಿಧಾನವಾಗಿ ತಲೆಯಾಡಿಸಿದೆ.

"ಶ್! ಮೇಷ್ಟ್ರಿಗೆ ಏನೋ ಹೊಳೀತಿದೆ," ಎಂದು ದೋನ್ ನಾಬೋರ್ ಎಲ್ಲರನ್ನೂ ಸುಮ್ಮನಿರಿಸಿದ. ಜೀವಮಾನದಲ್ಲಿ ನನಗೆ ಸಿಕ್ಕ ಮೊದಲ ಸಾಹಿತ್ಯಿಕ ಗೌರವ ಅದು!

ಮೇಜಿನ ಕೆಳಗೆ ಹುಡುಕಿದರು. ನಾಯಿಯ ಬಾಯಿ ಬಿಡಿಸಿ ನೋಡಿದರು. ಕೊನೆಗೆ ಎಲ್ಲರ ಕಣ್ಣೂ ಮೂಲೆಯಲ್ಲಿ ಕೂತಿದ್ದ ಚೋಲೆ ಅತ್ತೆಯ ಮೇಲೆ ಬಿತ್ತು. ಅವರು ದೋನ್ಯಾ ಕೂಕಾಳ ಸೋದರತ್ತೆ, ತೊಂಬತ್ತೊಂದು ವರ್ಷ, ಬಾಯಲ್ಲಿ ಒಂದೇ ಹಲ್ಲು.

"ಅಯ್ಯೋ, ಅತ್ತೆ ನುಂಗಿಬಿಟ್ಟಿದಾರೆ!"

"ನುಂಗಿಲ್ಲ ಕಣ್ರೇ!" ಎಂದರು ಅತ್ತೆ.

"ಪಾಪ, ಗೊತ್ತಾಗಿಲ್ಲ ಅವರಿಗೆ," ಎಂದು ದೋನ್ ನಾಬೋರ್ ಅಂಗಡಿಗೆ ಓಡಿ ಹರಳೆಣ್ಣೆ ತಂದ. ಇಬ್ಬರು ಅತ್ತೆಯ ಕೈ ಹಿಡಿದರು. ದೊಮಿತಿಲಾ ಅಡ್ಡ ಬಂದು, "ಅವರು ನುಂಗಿಲ್ಲ ಅಂತಿದಾರಲ್ಲ, ಬಿಡಿ," ಎಂದು ಚಮಚ ತಡೆದಳು. ಸಾಹಿತಿಗಳ ಹೆಂಡತಿಯ ಮಾತನ್ನು ಯಾರು ಕೇಳುತ್ತಾರೆ?

"ವಯಸ್ಸಾದ್ರೆ ಹೀಗೇ," ಎಂದರು ಅತ್ತೆ, ಯಾರನ್ನೂ ನೋಡದೆ. "ನಮ್ಮ ಹೊಟ್ಟೇಲಿ ಏನಿದೆ ಅಂತ ಹೇಳಿದ್ರೂ ನಮ್ಮನ್ನ ನಂಬಲ್ಲ."

ನನಗೆ ತಡೆಯಲಾಗಲಿಲ್ಲ. ಹಾಳಾಗಿ ಹೋಗಲಿ ಕಾದಂಬರಿ! ಎದ್ದು ನಿಂತೆ. ಐತಿಹಾಸಿಕ ಭಾಷಣಕ್ಕೆಂಬಂತೆ ಬಾಯಿ ತೆರೆದೆ. ಗೊಂಬೆ ಅಂಗೈಗೆ ಬಿತ್ತು.

ದೋನ್ಯಾ ಕೂಕಾ ಬಗ್ಗಿ ನೋಡಿದಳು. "ಮೇಷ್ಟ್ರೇ, ಹೊಳೆದದ್ದು ಇದಾ?"

ಆ ನಗು ಬೀದಿಯ ಕೊನೆಯ ಮನೆಗೂ ಕೇಳಿಸಿರಬೇಕು. ನಾನು ಚೋಲೆ ಅತ್ತೆಯ ಮುಂದೆ ಹೋಗಿ ಕ್ಷಮೆ ಕೇಳಿದೆ. "ನನಗೆ ನಾಲ್ಕು ತಮಾಲೆ," ಎಂದರು ಅವರು. "ಮೆಣಸಿನಕಾಯಿ ಮುಂದಾಗಿರಲಿ."

ಮಾರನೇ ತಿಂಗಳ ಮೊದಲ ದಿನವೇ ದೋನ್ಯಾ ಕೂಕಾ ಐದಾರು ಹೆಂಗಸರನ್ನೂ ಒಂದು ದೊಡ್ಡ ಹಂಡೆಯನ್ನೂ ತಂದು ನನ್ನ ಹೊಸ್ತಿಲು ದಾಟಿದಳು. ಬರೆಯುವ ಮೇಜಿನ ಮೇಲೆ ಮುಸುಕಿನಜೋಳದ ಹಿಟ್ಟು ಕಲಸಿದರು. ಮಹಾ ಕಾದಂಬರಿಕಾರ ಜೋಳದ ಸಿಪ್ಪೆಗಳಿಗೆ ಹಿಟ್ಟು ಮೆತ್ತುತ್ತಾ ಕೂತ. "ದೊಮಿ, ಉಪ್ಪು ನೋಡು!" "ದೊಮಿ, ಹಬೆ ಸಾಕಾ?" ಬೀದಿಯವರು ನನ್ನ ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದನ್ನು ಅಂದೇ ಕೇಳಿದ್ದು. ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೋ! ಇಷ್ಟು ತಿಂಗಳು ಆ ನಗುವನ್ನು ಮನೆಯೊಳಗೆ ಕೂಡಿಹಾಕಿದವನು ನಾನೇ ಎಂದು ಸಂಕಟವಾಯಿತು.

ಮರುದಿನ ಎಲ್ಲರೂ ಉಂಡು, ಹಾಡಿ, ಹೋದ ಮೇಲೆ ನಾವಿಬ್ಬರೇ ಅಂಗಳದಲ್ಲಿ ಪಾತ್ರೆಗಳ ಮುಂದೆ ಕೂತೆವು.

"ಪುಯೆಬ್ಲಾಕ್ಕೆ ಯಾವತ್ತು ಹೊರಡೋದು?" ಎಂದೆ ಅಳುಕುತ್ತಲೇ.

"ಪುರುಸೊತ್ತೆಲ್ಲಿದೆ? ನಾಳೆ ಕೂಕಾ ಮನೇಲಿ ಹೊಲಿಗೆ, ನಾಡಿದ್ದು ಚೋಲೆ ಅತ್ತೇನ ಇಗರ್ಜಿಗೆ ಕರ್ಕೊಂಡು ಹೋಗಬೇಕು."

ನನ್ನ ಎದೆ ಉಬ್ಬಿತು. "ನೋಡಿದ್ಯೇನೇ? ಎಲ್ಲಾ ನನ್ನಿಂದ! ಆ ಗೊಂಬೆ ನನ್ನ ಪಾಲಿಗೆ ಬಂತು, ಬೀದಿಯೇ ನಮ್ಮನೆಗೆ ಬಂತು!"

"ಗೊಂಬೆ ಬಂದಿದ್ದು ನನ್ನ ತುಂಡಿಗೆ," ಎಂದಳು ದೊಮಿತಿಲಾ. "ನೀವು ಔಷಧಿ ಅಂಗಡಿಯವರ ತಲೆ ತಿಂತಾ ಇದ್ರಲ್ಲ, ಆಗ ನಿಮ್ಮ ತುಂಡಿನೊಳಗೆ ಒತ್ತಿಬಿಟ್ಟೆ."

"ಯಾಕೇ?"

"ನನಗೆ ಸಿಕ್ಕಿದೆ ಅಂದಿದ್ರೆ, ನೀವು ಅವರಿಗೆಲ್ಲ ಬಾಗಿಲು ತೆಗೀತಿದ್ರಾ?"

ತೆಗೆಯುತ್ತಿರಲಿಲ್ಲ. ಅವಳು ತಳ ಹಿಡಿದ ಹಂಡೆಯನ್ನು ನನ್ನತ್ತ ತಳ್ಳಿ ಹೇಳಿದಳು:

"ಉಜ್ಜಿ, ಸಾಹಿತಿಗಳೇ."