ತಾನೇ ಏಳುವ, ತಾನೇ ಮಲಗುವ ಸರ್ವರ್

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಮ್ಮದೊಂದು ಲಗ್ನಪತ್ರಿಕೆ ಪ್ರೆಸ್ಸು. ಆರ್ಡರ್ ಹಿಡಿಯಲು ಭದ್ರಾವತಿಯಲ್ಲೊಂದು ಸಣ್ಣ ಅಂಗಡಿ. ಪ್ರೆಸ್ಸನ್ನು ಹೆಂಡತಿ ಸುಮಾ ನೋಡಿಕೊಳ್ಳುತ್ತಾಳೆ, ಅಂಗಡಿಯನ್ನು ನಾನು. ಡಿಸೈನುಗಳೆಲ್ಲ ಇರುವುದು ಪ್ರೆಸ್ಸಿನ ಮೂಲೆಯಲ್ಲಿರುವ ಸರ್ವರ್ ಎಂಬ ಕಪ್ಪು ಡಬ್ಬದಲ್ಲಿ. ರಾತ್ರಿ ಅದನ್ನು ಆಫ್ ಮಾಡಲು ಮರೆಯುವುದು, ರಾಗಿಗುಡ್ಡದ ಮನೆ ಮುಟ್ಟಿದ ಮೇಲೆ ನೆನಪಾಗುವುದು, ಮತ್ತೆ ಬೈಕ್ ತಿರುಗಿಸುವುದು. ದಿನಾ ಇದೇ ಗೋಳು!

ಒಂದು ಸಂಜೆ ಸಿಟ್ಟು ನೆತ್ತಿಗೇರಿತು. "ಇನ್ನು ಮೇಲೆ ಇದು ತಾನೇ ಏಳುತ್ತೆ, ತಾನೇ ಮಲಗುತ್ತೆ!" ಎಂದು ಘೋಷಿಸಿದೆ. ಬೆಳಿಗ್ಗೆ ಒಂಬತ್ತಕ್ಕೆ ಆನ್, ರಾತ್ರಿ ಒಂಬತ್ತಕ್ಕೆ ಆಫ್. ಅಷ್ಟಕ್ಕೇ ಬಿಟ್ಟಿದ್ದರೆ ನನ್ನ ಜಾಣತನಕ್ಕೆ ಅವಮಾನವಾಗುತ್ತಿತ್ತು. ರಾತ್ರಿ ಹೊತ್ತು ಯಾರಾದರೂ ಆನ್ ಮಾಡಿದರೆ ತಕ್ಷಣ ಆಫ್ ಆಗಲಿ ಎಂಬ ಕಟ್ಟಪ್ಪಣೆಯನ್ನೂ ಸೇರಿಸಿದೆ.

"ಒಂದ್ಸಲ ಪರೀಕ್ಷೆ ಮಾಡಿ ನೋಡೋಣ್ವಾ?" ಎಂದಳು ಸುಮಾ.

"ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?"

ಅವಳು ಬ್ಯಾಗು ಎತ್ತಿಕೊಂಡು ಹೊರಟಳು. ನಂಬಿಕೆ ಇದೆ ಎಂದುಕೊಂಡೆ.

ಮರುದಿನ ಭದ್ರಾವತಿ ಅಂಗಡಿಯ ಷಟರ್ ಎತ್ತುವಷ್ಟರಲ್ಲಿ ಕಾಗದನಗರದ ರುದ್ರಪ್ಪನವರು ನಿಂತಿದ್ದರು. ಮಗಳ ಮದುವೆ. ಮೊದಲ ಪತ್ರಿಕೆಯನ್ನು ಮಧ್ಯಾಹ್ನದ ಮಂಗಳಾರತಿಯೊಳಗೆ ಮನೆದೇವರ ಮುಂದಿಡಬೇಕು. ಸುಮಾ ಪ್ರಿಂಟ್ ತೆಗೆದು ಬಸ್ಸಿನಲ್ಲಿ ಕಳಿಸುವುದೆಂದು ಮಾತಾಗಿತ್ತು. ಆದರೆ ಬಂದದ್ದು ಅವಳ ಫೋನು.

"ರೀ, ನಿಮ್ಮ ಸರ್ವರ್ ಎದ್ದೇ ಇಲ್ಲ."

"ಕೈಯಲ್ಲಿ ಒತ್ತು!"

"ಒತ್ತಿದೆ. ಎದ್ದು, ನನ್ನ ಮುಖ ನೋಡಿ, ಮತ್ತೆ ಮಲಗ್ತು."

ಕರೆಂಟಿನವರಿಗೆ ಬೈದೆ. ಯುಪಿಎಸ್ ಮಾರಿದವನಿಗೆ ಬೈದೆ. "ನೀನೇ ಏನೋ ಮುಟ್ಟಿರ್ಬೇಕು!" ಎಂದು ಸುಮಾಳಿಗೂ ಬೈದೆ. ಫೋನ್ ಕಟ್ಟಾಯಿತು.

"ನಡೀರಿ, ನಿಮ್ಮ ಕಥೆ ಏನಂತ ನಾನೇ ಬಂದು ನೋಡ್ತೀನಿ" ಎಂದು ರುದ್ರಪ್ಪನವರು ನನ್ನ ಬೈಕ್ ಹತ್ತಿಯೇಬಿಟ್ಟರು. ಶಿವಮೊಗ್ಗದವರೆಗೂ ಹಿಂದಿನ ಸೀಟಿನಲ್ಲಿ ಅವರ ಬೈಗುಳ, ಮುಂದಿನ ಸೀಟಿನಲ್ಲಿ ನನ್ನದು. ಅಡ್ಡ ಬಂದ ಲಾರಿಯವನಿಗೆ ಇಬ್ಬರೂ ಸೇರಿ ಬೈದೆವು. ನಮ್ಮಿಬ್ಬರಿಗೂ ಒಮ್ಮತವಿದ್ದದ್ದು ಅಲ್ಲಿ ಮಾತ್ರ.

ಪ್ರೆಸ್ಸಿಗೆ ನುಗ್ಗಿ ಬಟನ್ ಒತ್ತಿದೆ. ಎದ್ದಿತು. ಮಲಗಿತು. ಮತ್ತೆ ಒತ್ತಿದೆ. ಎದ್ದಿತು. ಮಲಗಿತು! ಮೇಜಿಗೆ ಗುದ್ದಿದೆ. ಮೇಜಿಗೇನೂ ಆಗಲಿಲ್ಲ, ಕೈ ಊದಿತು. ಸರ್ವರಿನ ವೈರೇ ಸರಿಯಿಲ್ಲವೆಂದು ತೀರ್ಮಾನಿಸಿ ಆವೇಶದಿಂದ ಕಿತ್ತೆ. ಕಿತ್ತು ಬಂದದ್ದು ಪ್ರಿಂಟರಿನ ವೈರು! ಪಿನ್ನು ಪ್ರಿಂಟರಿನೊಳಗೇ ಮುರಿದುಕೊಂಡಿತು.

"ಕೂಗಾಡೋದು ಬಿಟ್ಟು ಈ ಕಡೆ ನೋಡಿ" ಎಂದಳು ಸುಮಾ, ಇನ್ನೊಮ್ಮೆ ಆನ್ ಮಾಡಿ ಪರದೆ ತೋರಿಸುತ್ತಾ. "ಇದರ ಗಡಿಯಾರದಲ್ಲಿ ಇನ್ನೂ ಬೆಳಗಿನ ಜಾವ."

ನೋಡಿದೆ. ಗಾಂಧಿ ಬಜಾರಿನ ನಟ್ಟನಡುವೆ ಕೂತು ನಮ್ಮ ಸರ್ವರ್ ಇಂಗ್ಲೆಂಡಿನ ಟೈಮ್ ಪಾಲಿಸುತ್ತಿತ್ತು! ಅದರ ಲೆಕ್ಕದಲ್ಲಿ ಅದು ರಾತ್ರಿ. ರಾತ್ರಿ ಆನ್ ಮಾಡಿದರೆ ಆಫ್ ಆಗಬೇಕು ಎಂದದ್ದು ನಾನೇ. ನನ್ನ ಮಾತನ್ನು ಜಗತ್ತಿನಲ್ಲಿ ಒಬ್ಬರಾದರೂ ಚಾಚೂತಪ್ಪದೆ ಕೇಳಿದ್ದು ಆವತ್ತೇ.

ಅದು ಮತ್ತೆ ಮಲಗುವಷ್ಟರೊಳಗೆ ಟೈಮ್ ಸರಿ ಮಾಡಿದೆ. ಸರ್ವರ್ ಎದ್ದು ಕೂತಿತು. ಪ್ರಿಂಟರ್ ಸತ್ತಿತ್ತು.

"ನೀವು ಇಂಗ್ಲೆಂಡಿನವರಿಗೇ ಪತ್ರಿಕೆ ಮಾಡ್ಕೊಡಿ ಮಾರಾಯ್ರೆ!" ಎಂದು ರುದ್ರಪ್ಪನವರು ಡಿಸೈನನ್ನು ಸುಮಾಳಿಂದ ಫೋನಿಗೆ ಹಾಕಿಸಿಕೊಂಡು ಪಕ್ಕದ ಬೀದಿಯ ಪ್ರೆಸ್ಸಿಗೆ ಹೊರಟೇಬಿಟ್ಟರು.

ಸುಮಾಳ ಕ್ಷಮೆ ಕೇಳಲು ಬಾಯಿ ತೆರೆದೆ. "ಆ ಕೈಗೆ ಐಸ್ ಇಟ್ಕೊಳ್ಳಿ" ಎಂದಳು, ನನ್ನ ಕಡೆ ನೋಡದೆ.

ವಾರದ ಮೇಲೆ ರುದ್ರಪ್ಪನವರೇ ಬಂದು, ಸಿಟ್ಟೆಲ್ಲ ಮರೆತು, ನಮಗೂ ಒಂದು ಲಗ್ನಪತ್ರಿಕೆ ಕೊಟ್ಟು ಹೋದರು. ಪಕ್ಕದ ಬೀದಿಯಲ್ಲಿ ಅಚ್ಚಾದದ್ದು. "ಎಷ್ಟು ಚೆನ್ನಾಗಿ ಬಂದಿದೆ, ಅಲ್ವಾ?" ಎಂದಳು ಸುಮಾ. ಒಂದಾದರೂ ಅಕ್ಷರದೋಷ ಸಿಗಲಿ ಎಂದು ಬಾಗಿಲು ಹಾಕಿಕೊಂಡು ಮತ್ತೆ ಮತ್ತೆ ಓದಿದೆ.

ಹಾಳಾದ್ದು, ಒಂದೂ ಸಿಗಲಿಲ್ಲ!